ಹೈಕೋರ್ಟ್ ವಕೀಲರ ಬಳಿ ನಾಲ್ಕು ವಾರ ಇಂಟರ್ನ್‌ಶಿಪ್: ಸಾಗರದಿಂದ ಬೆಂಗಳೂರಿಗೆ ಹೋಗುವುದು ಸರಿಯೇ?

ಅಡಿಕೆ_ಹಾಳೆ

ಎಲ್ಲರಿಗೂ ನಮಸ್ಕಾರ. ನಾನು ಐದು ವರ್ಷದ ಕಾನೂನು ಪದವಿಯ ನಾಲ್ಕನೇ ವರ್ಷದಲ್ಲಿದ್ದೇನೆ. ಓದುತ್ತಿರುವುದು ಶಿವಮೊಗ್ಗದಲ್ಲಿ, ಮನೆ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬೆಂಗಳೂರಿನ ಹೈಕೋರ್ಟ್‌ನಲ್ಲಿ ವಕಾಲತ್ತು ನಡೆಸುವ ಒಬ್ಬರಿಗೆ ಇಮೇಲ್ ಬರೆದಿದ್ದೆ. ‘ನಾಲ್ಕು ವಾರ ಬರಬಹುದು, ಭತ್ಯೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ’ ಎಂದು ಎರಡು ಸಾಲಿನ ಉತ್ತರ ಬಂದಿದೆ. ಮೇ ಮೊದಲ ವಾರ ಹೊರಡೋಣ ಎಂದುಕೊಂಡಿದ್ದೇನೆ.

ನಮಗಿರುವುದು ಒಂದೂವರೆ ಎಕರೆ ಅಡಿಕೆ ತೋಟ. ಕಳೆದ ಮಳೆಗಾಲ ಕೊಳೆ ರೋಗ ಬಂದು ಫಸಲು ಅರ್ಧಕ್ಕಿಳಿಯಿತು. ‘ಹೋಗು, ಹೇಗಾದರೂ ಹೊಂದಿಸೋಣ’ ಎಂದು ಅಪ್ಪ ಹೇಳುತ್ತಾರೆ. ಆದರೆ ಒಂದು ತಿಂಗಳು ಬೆಂಗಳೂರಿನಲ್ಲಿ ಉಳಿಯಲು ಎಷ್ಟಾಗುತ್ತದೆ ಎಂಬ ಅಂದಾಜು ನಮ್ಮಿಬ್ಬರಿಗೂ ಇಲ್ಲ. ಇಂಟರ್ನ್‌ಶಿಪ್ ಪ್ರಮಾಣಪತ್ರವನ್ನು ಊರಿನಲ್ಲೇ ಪರಿಚಯದ ವಕೀಲರಿಂದ ಬರೆಸಿಕೊಂಡರೆ ಸಾಕು, ಸುಮ್ಮನೆ ಯಾಕೆ ಖರ್ಚು ಎಂದು ಸಹಪಾಠಿಗಳು ಹೇಳುತ್ತಾರೆ. ನನಗೆ ಮನಸ್ಸೊಪ್ಪುತ್ತಿಲ್ಲ.

ಇನ್ನೊಂದು ಅಳುಕೂ ಇದೆ. ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯಲು ಕೂತರೆ ಕೈ ಕಟ್ಟುತ್ತದೆ. ಅಂಥವಳು ಅಲ್ಲಿ ಹೋಗಿ ಏನು ಮಾಡಬಲ್ಲೆ? ಹೋಗಿಬಂದವರು ದಯವಿಟ್ಟು ಹೇಳಿ.

ಕೊನೆಯ_ಬೆಂಚು

ತಂಗಿ, ಮೊದಲು ತಾರೀಖು ಬದಲಿಸು. ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ ಹೈಕೋರ್ಟ್‌ಗೆ ಬೇಸಿಗೆ ರಜೆ. ರಜಾಕಾಲದ ಪೀಠ ವಾರದಲ್ಲಿ ಕೆಲವು ದಿನ ಮಾತ್ರ ತುರ್ತು ಪ್ರಕರಣಗಳನ್ನು ಕೇಳುತ್ತದೆ. ಕಲಿಯಲು ಬಂದವರು ಖಾಲಿ ಕಾರಿಡಾರ್ ನೋಡಿಕೊಂಡು ಹೋಗಬೇಕಾಗುತ್ತದೆ. ಜೂನ್‌ನಲ್ಲಿ ಬಾ. ಹಾಗೆಯೇ ದಸರಾ ರಜೆ, ಡಿಸೆಂಬರ್ ಕೊನೆಯ ರಜೆಗಳನ್ನೂ ನೋಡಿಕೊಂಡೇ ಯಾರಾದರೂ ಯೋಜನೆ ಹಾಕಬೇಕು.

ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷದಿಂದ ವಕೀಲ. ಮನೆತನದಲ್ಲಿ ಕಪ್ಪು ಕೋಟು ಹಾಕಿದ ಮೊದಲಿಗ ನಾನೇ. ವಿದ್ಯಾರ್ಥಿಯಾಗಿದ್ದಾಗ ಎರಡು ಸಲ ಇಂಟರ್ನ್‌ಶಿಪ್‌ಗೆಂದು ಈ ಊರಿಗೆ ಬಂದಿದ್ದೆ. ಮೊದಲನೆಯದು ದೊಡ್ಡ ಹೆಸರಿನ ಕಚೇರಿ. ನಾಲ್ಕು ವಾರ ಕಡತ ಹೊತ್ತೆ, ಜೆರಾಕ್ಸ್ ಅಂಗಡಿಯ ಮುಂದೆ ಸಾಲು ನಿಂತೆ. ನನ್ನ ಹೆಸರೇನೆಂದು ಕೊನೆಯ ದಿನ ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ ಕೇಳಿದರು. ಎರಡನೆಯದು ಇಬ್ಬರೇ ಕಿರಿಯ ವಕೀಲರಿದ್ದ ಸಣ್ಣ ಕಚೇರಿ. ಮೊದಲ ಸಂಜೆಯೇ ಹಿರಿಯರು ಒಂದು ಕಡತ ಕೊಟ್ಟು, ‘ಇದರ ಸಿನಾಪ್ಸಿಸ್ ಬರೆದುಕೊಂಡು ಬಾ, ಒಂದೂವರೆ ಪುಟ ಮೀರಬಾರದು’ ಎಂದರು.

ಸಿನಾಪ್ಸಿಸ್ ಎಂದರೆ ರಿಟ್ ಅರ್ಜಿಯ ಮುಂದೆ ಇಡುವ ಸಾರಾಂಶ: ಯಾವ ತಾರೀಖಿಗೆ ಏನಾಯಿತು, ನಾವು ಏನು ಕೇಳುತ್ತಿದ್ದೇವೆ. ನೋಡಲು ಸಣ್ಣ ಕೆಲಸ. ಇನ್ನೂರು ಪುಟದ ಕಡತದಲ್ಲಿ ಯಾವ ಎಂಟು ತಾರೀಖುಗಳು ಮುಖ್ಯ ಎಂದು ಆರಿಸುವುದೇ ವಕೀಲಿಕೆಯ ಅರ್ಧ ಭಾಗ. ನಾನು ಬರೆದದ್ದನ್ನು ಅವರು ಆರು ಸಲ ಹಿಂದಿರುಗಿಸಿದರು. ಆರನೆಯ ಸಲವೂ ಕೆಂಪು ಶಾಯಿ ಇತ್ತು, ಕಡಿಮೆ ಇತ್ತು ಅಷ್ಟೇ. ಈಗಲೂ ನನ್ನ ಊಟ ನಡೆಯುತ್ತಿರುವುದು ಆ ಆರು ಕಾಗದಗಳಿಂದ.

ಆದ್ದರಿಂದ ಕಚೇರಿ ದೊಡ್ಡದೋ ಚಿಕ್ಕದೋ ಎಂಬುದನ್ನು ಬಿಡು. ‘ನಾನು ಬರೆದದ್ದನ್ನು ಯಾರಾದರೂ ತಿದ್ದುತ್ತಾರೆಯೇ?’ ಎಂದು ಮೊದಲೇ ಕೇಳು. ನೇರವಾಗಿ ಕೇಳಲು ಸಂಕೋಚವಾದರೆ ಅಲ್ಲಿ ಹಿಂದೆ ಇದ್ದ ವಿದ್ಯಾರ್ಥಿಯೊಬ್ಬರ ದೂರವಾಣಿ ಸಂಖ್ಯೆ ಕೇಳಿ ಪಡೆ. ಕೊಡಲು ಹಿಂದೇಟು ಹಾಕಿದರೆ ಅದೇ ಉತ್ತರ.

ಸಪ್ತಾಪುರ_ವಕೀಲ

ನನ್ನ ಮಾತು ಸ್ವಲ್ಪ ಬೇರೆ. ಎಲ್ಲರೂ ಬೆಂಗಳೂರು ಬೆಂಗಳೂರು ಎನ್ನುತ್ತೀರಿ. ಹೈಕೋರ್ಟ್ ಈಗ ಬೆಂಗಳೂರಿನಲ್ಲಿ ಮಾತ್ರವೇ? 2008ರಲ್ಲಿ ಧಾರವಾಡಕ್ಕೂ ಕಲಬುರಗಿಗೂ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಕಾಯಂ ಆದವು. ಧಾರವಾಡ ಪೀಠದಲ್ಲಿ ಜನಸಂದಣಿ ಕಡಿಮೆ. ಹಿರಿಯರ ಜೊತೆ ನಿಂತು ಮಾತಾಡಲು ಸಮಯ ಸಿಗುತ್ತದೆ, ಬಾಡಿಗೆಯೂ ಕೈಗೆಟುಕುತ್ತದೆ. ಹುಬ್ಬಳ್ಳಿ, ಗದಗ, ಹಾವೇರಿ, ಶಿರಸಿಯ ಮಕ್ಕಳು ನಮ್ಮಲ್ಲಿಗೆ ಬಾರದೆ ರಾತ್ರಿ ಬಸ್ಸು ಹತ್ತಿ ರಾಜಧಾನಿಗೆ ಹೋಗುವುದನ್ನು ಕಂಡಾಗ ನಿಜಕ್ಕೂ ಬೇಸರವಾಗುತ್ತದೆ.

ಶಿವಮೊಗ್ಗ ಜಿಲ್ಲೆಯ ಮೇಲ್ಮನವಿಗಳು ಬೆಂಗಳೂರಿನ ಪ್ರಧಾನ ಪೀಠಕ್ಕೇ ಹೋಗುತ್ತವೆ, ಹಾಗಾಗಿ ನಿಮ್ಮ ವಿಷಯದಲ್ಲಿ ಬೆಂಗಳೂರಿಗೆ ಹೋಗುವುದರಲ್ಲಿ ಅರ್ಥವಿದೆ. ಆದರೆ ಅದಕ್ಕೂ ಮೊದಲು ಸಾಗರದ ಸಿವಿಲ್ ನ್ಯಾಯಾಲಯದಲ್ಲಿ ನಾಲ್ಕು ವಾರ ಕಳೆದಿದ್ದೀರಾ? ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಐದು ವರ್ಷದ ಪದವಿಗೆ ಒಟ್ಟು 20 ವಾರ, ಮೂರು ವರ್ಷದ ಪದವಿಗೆ 12 ವಾರ ಇಂಟರ್ನ್‌ಶಿಪ್ ಆಗಬೇಕು. ಯಾವ ವರ್ಷದಲ್ಲೂ ಒಂದೇ ಸಮನೆ ನಾಲ್ಕು ವಾರ ಮೀರುವಂತಿಲ್ಲ. ವಿಚಾರಣಾ ನ್ಯಾಯಾಲಯದ ವಕೀಲರು, ಮೇಲ್ಮನವಿ ನ್ಯಾಯಾಲಯದ ವಕೀಲರು ಇಬ್ಬರ ಬಳಿಯೂ ಒಮ್ಮೆಯಾದರೂ ಇದ್ದಿರಬೇಕು. ಈ ನಿಯಮ ಬರೆದವರಿಗೆ ಕಸುಬು ಗೊತ್ತಿತ್ತು. ಸಾಕ್ಷಿಯ ಕಟಕಟೆ, ಪಾಟಿ ಸವಾಲು ನೋಡದವರಿಗೆ ಹೈಕೋರ್ಟ್‌ನ ಕಡತ ಬರೀ ಕಾಗದವಾಗಿ ಕಾಣುತ್ತದೆ.

ಅಡಿಕೆ_ಹಾಳೆ

ಸರ್, ಎರಡನೇ ವರ್ಷದಲ್ಲೂ ಮೂರನೇ ವರ್ಷದಲ್ಲೂ ಸಾಗರದಲ್ಲೇ ಇದ್ದೆ. ಒಂದು ಪಾಲು ವಿಭಾಗದ ದಾವೆಯಲ್ಲಿ ಅಣ್ಣತಮ್ಮಂದಿರ ಪಾಟಿ ಸವಾಲನ್ನು ಮೂರು ದಿನ ಕೂತು ಕೇಳಿದ್ದೇನೆ. ಆ ದಾವೆ ಮುಂದೆ ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನಾಗುತ್ತದೆ ಎಂಬ ಕುತೂಹಲದಿಂದಲೇ ಬೆಂಗಳೂರಿಗೆ ಬರೆದದ್ದು. ತಾರೀಖು ಜೂನ್‌ಗೆ ಬದಲಿಸಲು ಒಪ್ಪಿದ್ದಾರೆ.

ಶ್ರೀರಾಂಪುರ_ಪಿಜಿ

ಖರ್ಚಿನ ಲೆಕ್ಕ ನಾನು ಹೇಳುತ್ತೇನೆ. ಕಳೆದ ವರ್ಷ ನಾನೂ ನಾಲ್ಕು ವಾರ ಇದ್ದೆ. ಶ್ರೀರಾಂಪುರದ ಪಿಜಿಯಲ್ಲಿ ಇಬ್ಬರ ಕೊಠಡಿ, ಎರಡು ಹೊತ್ತು ಊಟ ಸೇರಿ ತಿಂಗಳಿಗೆ 8,500 ರೂಪಾಯಿ. ಮುಂಗಡವೆಂದು ಇನ್ನೊಂದು 5,000 ಕೇಳಿದರು. ಹೊರಡುವಾಗ ಅದರಲ್ಲಿ 1,500 ‘ನಿರ್ವಹಣೆ’ಗೆಂದು ಹಿಡಿದುಕೊಂಡರು. ಎಷ್ಟು ಹಿಡಿಯುತ್ತೀರಿ ಎಂದು ಮೊದಲೇ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ನಾಲ್ಕೇ ವಾರಕ್ಕೆ ಕೊಡುವುದಿಲ್ಲ ಎನ್ನುವ ಪಿಜಿಗಳೂ ಇವೆ.

ಓಡಾಟಕ್ಕೆ ಹೆಣ್ಣುಮಕ್ಕಳಿಗೆ ಚಿಂತೆಯಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಆಯಿತು. ಸಾಗರದಿಂದ ಬರುವ ಸಾಮಾನ್ಯ ಸಾರಿಗೆ ಬಸ್ಸಿಗೂ ಅದೇ. ತಾಳಗುಪ್ಪ–ಮೈಸೂರು ರಾತ್ರಿ ರೈಲು ಕೂಡ ಇದೆಯಲ್ಲ, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿಯಬಹುದು. ತಡವಾದ ದಿನ ಮಾತ್ರ ಮೆಟ್ರೊ ಹತ್ತಿದೆ. ಮೆಜೆಸ್ಟಿಕ್‌ನಲ್ಲಿ ಬದಲಿಸಿ ವಿಧಾನ ಸೌಧ ನಿಲ್ದಾಣದಲ್ಲಿ ಇಳಿದರೆ ಹೈಕೋರ್ಟ್ ಎದುರಿಗೇ. 2025ರಲ್ಲಿ ದರ ಏರಿದ ಮೇಲೆ ದಿನಾ ಅದರಲ್ಲೇ ಹೋಗುವುದು ನನ್ನಂಥವರಿಗೆ ಹೊರೆ. ಮಧ್ಯಾಹ್ನದ ಊಟ ಸಾಧ್ಯವಾದಾಗಲೆಲ್ಲ ಇಂದಿರಾ ಕ್ಯಾಂಟೀನ್‌ನಲ್ಲಿ, ಹತ್ತು ರೂಪಾಯಿಗೆ. ನಾಚಿಕೆಪಡುವಂಥದ್ದು ಏನೂ ಇಲ್ಲ. ಅಲ್ಲಿ ಸಾಲಿನಲ್ಲಿ ಬಿಳಿ ಅಂಗಿಯ ವಕೀಲರನ್ನೂ ಕಂಡಿದ್ದೇನೆ.

ಬಟ್ಟೆಗೆ ಬಹಳ ಸುರಿಯಬೇಡಿ. ಎರಡು ಬಿಳಿ ಅಂಗಿ, ಕಪ್ಪು ಪ್ಯಾಂಟ್, ಮುಚ್ಚಿದ ಕಪ್ಪು ಪಾದರಕ್ಷೆ ಸಾಕು. ಬ್ಯಾಂಡ್, ಗೌನ್ ವಕೀಲರಿಗೆ ಮಾತ್ರ, ನಾವು ಹಾಕುವಂತಿಲ್ಲ. ತೀರ್ಪು ಹುಡುಕಲು ಹಣ ಕಟ್ಟುವ ತಾಣಗಳು ಕಚೇರಿಯಲ್ಲೇ ಇರುತ್ತವೆ. ಮನೆಯಲ್ಲಿ ಅಭ್ಯಾಸಕ್ಕೆ ಇಂಡಿಯನ್ ಕಾನೂನ್ ಎಂಬ ಜಾಲತಾಣ ಸಾಕು. ಸುಪ್ರೀಂ ಕೋರ್ಟ್‌ನ ವರದಿಯಾದ ತೀರ್ಪುಗಳು 2023ರಿಂದ ಇ-ಎಸ್‌ಸಿಆರ್ ಎಂಬ ಆ ಕೋರ್ಟ್‌ನದೇ ಜಾಲಸಂಗ್ರಹದಲ್ಲಿ ಉಚಿತ.

ಬೆವರಿನ_ಲೆಕ್ಕ

ಇಷ್ಟು ಹೊತ್ತೂ ಸುಮ್ಮನೆ ಓದುತ್ತಿದ್ದೆ. ಒಂದು ಪ್ರಶ್ನೆ ಯಾರೂ ಎತ್ತಲಿಲ್ಲ. ಈ ಹುಡುಗಿ ಸುಮಾರು ಹದಿನೈದು ಸಾವಿರ ಖರ್ಚು ಮಾಡಿಕೊಂಡು ಹೋಗಿ ದುಡಿಯಬೇಕು, ಆ ಕಚೇರಿ ಅವಳಿಗೆ ಬಸ್ ಚಾರ್ಜನ್ನೂ ಕೊಡುವುದಿಲ್ಲ. ಇದು ಯಾವ ನ್ಯಾಯ? ಅವಳು ಬರೆದ ಟಿಪ್ಪಣಿಯನ್ನು ಹಿಡಿದೇ ಹಿರಿಯರು ವಾದಿಸುತ್ತಾರೆ, ಕಕ್ಷಿದಾರರಿಂದ ಶುಲ್ಕ ಪಡೆಯುತ್ತಾರೆ. ನನ್ನ ತಮ್ಮ ರಾಯಚೂರಿನಲ್ಲಿ ಕಾನೂನು ಓದುತ್ತಿದ್ದ. ಹಣ ಹೊಂದದೆ ಬೆಂಗಳೂರಿಗೆ ಹೋಗಲೇ ಇಲ್ಲ. ಪದವಿ ಮುಗಿದ ಮೇಲೆ ಕೆಲಸ ಕೇಳಲು ಹೋದಾಗ, ‘ಹಿಂದೆ ಎಲ್ಲಿ ಇಂಟರ್ನ್‌ಶಿಪ್ ಮಾಡಿದ್ದೀಯ?’ ಎಂಬುದೇ ಮೊದಲ ಪ್ರಶ್ನೆ. ಉಳ್ಳವರ ಮಕ್ಕಳಿಗೆ ಬಾಗಿಲು ತೆರೆದಿಟ್ಟು, ಇಲ್ಲದವರಿಗೆ ‘ಅನುಭವವಿಲ್ಲ’ ಎನ್ನುವುದು ಕ್ರೌರ್ಯ.

ಕೊನೆಯ_ಬೆಂಚು

ನಿಮ್ಮ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಎಂದು ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು. ಅದು ಶಿಫಾರಸು ಮಾತ್ರ, ಅದೂ ಸನ್ನದು ಪಡೆದವರಿಗೆ. ವಿದ್ಯಾರ್ಥಿಗಳ ಮಾತು ಅದರಲ್ಲಿ ಇಲ್ಲ. ಕೇಂದ್ರ ಸರ್ಕಾರದ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ಕೊಡುತ್ತಾರೆ ಎಂದು ಕೆಲವರು ನನ್ನನ್ನು ಕೇಳಿದ್ದುಂಟು. 2024ರಲ್ಲಿ ಶುರುವಾದಾಗ ಆ ಯೋಜನೆ ದೊಡ್ಡ ಕಂಪನಿಗಳಲ್ಲಿ ಹನ್ನೆರಡು ತಿಂಗಳು ಇರುವಂಥವರಿಗಿತ್ತು. ಪೂರ್ಣಾವಧಿ ಓದುತ್ತಿರುವವರಿಗೆ ಅದು ಒದಗುತ್ತಿರಲಿಲ್ಲ.

ನನ್ನ ಕಚೇರಿ ಸಣ್ಣದು. ಬರುವ ವಿದ್ಯಾರ್ಥಿಗೆ ಮಧ್ಯಾಹ್ನದ ಊಟ ಮತ್ತು ವಾರಕ್ಕೆ ಸಾವಿರ ರೂಪಾಯಿ ಕೊಡುತ್ತೇನೆ. ಕಡಿಮೆಯೆಂದು ಗೊತ್ತು. ಆದರೆ ಕೊಡುವುದಿಲ್ಲ ಎಂದ ಕಚೇರಿಗೂ ‘ಓಡಾಟದ ವೆಚ್ಚವನ್ನಾದರೂ ಭರಿಸಲು ಸಾಧ್ಯವೇ?’ ಎಂದು ಒಮ್ಮೆ ವಿನಯದಿಂದ ಕೇಳಿ ನೋಡು, ತಂಗಿ. ಹತ್ತರಲ್ಲಿ ನಾಲ್ವರು ಒಪ್ಪುತ್ತಾರೆ. ಯಾರೂ ಕೇಳದ ಕಾರಣಕ್ಕೇ ಕೊಡದವರು ನಮ್ಮಲ್ಲಿ ಬಹಳ.

ಪಾಠದ_ಮನೆ

ನಾನು ಕಾನೂನು ಕಾಲೇಜಿನ ಅಧ್ಯಾಪಕಿ. ಬರೆಸಿಕೊಂಡ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ಪ್ರಾಯೋಗಿಕ ಪತ್ರಿಕೆಯಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆ ನೋಡಿ ಬರೆಯುವುದಕ್ಕೆ 30 ಅಂಕ, ಕಕ್ಷಿದಾರರ ಸಂದರ್ಶನ ಮತ್ತು ದಿನಚರಿಗೆ 30, ಅಣಕು ನ್ಯಾಯಾಲಯಕ್ಕೆ 30, ಮೌಖಿಕ ಪರೀಕ್ಷೆಗೆ 10. ಮೌಖಿಕ ಪರೀಕ್ಷೆಯಲ್ಲಿ ನಾನು ಕೇಳುವುದು ಒಂದೇ: ‘ನೀವು ನೋಡಿದ ಪ್ರಕರಣದಲ್ಲಿ ಆ ದಿನ ವಿಚಾರಣೆ ಮುಂದೂಡಿ ಮುದ್ದತ್ತು ಯಾಕೆ ಕೊಟ್ಟರು?’ ನಿಜವಾಗಿ ಹೋಗಿದ್ದವರು ತಕ್ಷಣ ಹೇಳುತ್ತಾರೆ: ಸಾಕ್ಷಿ ಬರಲಿಲ್ಲ, ಸಮನ್ಸ್ ಜಾರಿಯಾಗಲಿಲ್ಲ, ಎದುರು ವಕೀಲರಿಗೆ ಹುಷಾರಿರಲಿಲ್ಲ. ಬರೆಸಿಕೊಂಡವರು ಮೇಲೆ ನೋಡುತ್ತಾರೆ. ಒಂದೇ ದಿನಚರಿಯನ್ನು ಹನ್ನೊಂದು ಜನ ನಕಲು ಮಾಡಿ ತಂದದ್ದನ್ನೂ ಕಂಡಿದ್ದೇನೆ. ಬೈದೆ, ಆಮೇಲೆ ಮನೆಗೆ ಹೋಗಿ ಅತ್ತೆ. ಐದು ವರ್ಷ ಕೈಯಲ್ಲಿದ್ದ ಮಕ್ಕಳು.

ನೀನು ಹೋಗುವ ಮೊದಲು ಒಂದು ವಾರ ದಿನಾ ಅರ್ಧ ಗಂಟೆ ಹೈಕೋರ್ಟ್ ಕಲಾಪದ ನೇರ ಪ್ರಸಾರ ನೋಡಮ್ಮ. 2021ರಿಂದ ಯೂಟ್ಯೂಬ್‌ನಲ್ಲಿ ಬರುತ್ತಿದೆ. ಹಿಂದಿನ ಸಂಜೆಯೇ ಜಾಲತಾಣದಲ್ಲಿ ಮರುದಿನದ ಪ್ರಕರಣಗಳ ಪಟ್ಟಿ ಹಾಕುತ್ತಾರೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ನೋಡು. ಮೊದಲ ದಿನದ ಗಾಬರಿ ಅರ್ಧ ಇಳಿಯುತ್ತದೆ.

ಹೊಸ್ತಿಲು

ಅಕ್ಕನಂತೆ ಒಂದು ಮಾತು ಸೇರಿಸುತ್ತೇನೆ. ನ್ಯಾಯಾಲಯ ಮುಗಿದ ಮೇಲೆ ಸಂಜೆ ಐದೂವರೆಯಿಂದ ಕಚೇರಿಯ ಕೆಲಸ ಶುರು. ಎಂಟು, ಎಂಟೂವರೆ ಆಗುವುದು ಸಾಮಾನ್ಯ. ಕಚೇರಿಯಲ್ಲಿ ಬೇರೆ ಹೆಣ್ಣುಮಕ್ಕಳಿದ್ದಾರೆಯೇ, ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಹೋಗುವ ಮೊದಲೇ ಕೇಳು. ಕೇಳಿದರೆ ತಪ್ಪು ತಿಳಿಯುವ ಕಚೇರಿ ನಿನಗೆ ಬೇಡ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳವಿಲ್ಲದೆ ತರಬೇತಿಗೆ ಬಂದವರಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ಕಚೇರಿಯಾದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ. ಇದು ಬೇಕಾಗದೇ ಇರಲಿ, ಆದರೆ ತಿಳಿದಿರಲಿ.

ಅಡಿಕೆ_ಹಾಳೆ (ಹತ್ತು ವಾರಗಳ ನಂತರ)

ಹೋಗಿ ಬಂದೆ. ಇಲ್ಲಿ ಇಷ್ಟು ಜನ ಸಮಯ ಕೊಟ್ಟು ಬರೆದಿರಿ, ಏನಾಯಿತೆಂದು ಹೇಳದಿದ್ದರೆ ತಪ್ಪಾಗುತ್ತದೆ.

ಓಡಾಟದ ವೆಚ್ಚ ಕೇಳಿದೆ. ಮರುದಿನವೇ ‘ವಾರಕ್ಕೆ 750 ಕೊಡುತ್ತೇವೆ’ ಎಂದು ಉತ್ತರ ಬಂತು. ಕೇಳುವ ಮೊದಲು ಎರಡು ರಾತ್ರಿ ನಿದ್ದೆಗೆಟ್ಟಿದ್ದೆ.

ಮೊದಲ ವಾರ ಬರೀ ನೋಡಿದೆ. ಹೈಕೋರ್ಟ್ ಇರುವ ಅಠಾರಾ ಕಚೇರಿಯ ಆ ಕೆಂಪು ಕಟ್ಟಡದ ಒಳಗೆ ದಾರಿ ತಪ್ಪಿ ಒಂದೇ ಮೆಟ್ಟಿಲನ್ನು ಮೂರು ಸಲ ಹತ್ತಿದೆ. ಹೊಸ ಕಾನೂನಿನ ಗೊಂದಲ ಕಣ್ಣಾರೆ ಕಂಡೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 482ನೇ ಕಲಮು ಎಂದರೆ ಪ್ರಕರಣ ರದ್ದುಪಡಿಸುವ ಅರ್ಜಿ. 2024ರ ಜುಲೈನಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 528. ಹೊಸ ಸಂಹಿತೆಯ 482 ನಿರೀಕ್ಷಣಾ ಜಾಮೀನಿಗೆ. ಮೂವತ್ತು ವರ್ಷ ಅನುಭವದವರ ಬಾಯಲ್ಲೂ ಹಳೆಯ ಸಂಖ್ಯೆಯೇ ಬರುತ್ತಿತ್ತು. ನಾನು ಹಳೆಯದು–ಹೊಸದು ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಮೇಜಿಗೆ ಅಂಟಿಸಿದೆ. ಈಗಲೂ ಅಲ್ಲೇ ಇದೆಯಂತೆ.

ಎರಡನೇ ವಾರ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಕ್ಷಿದಾರರ ಹೆಸರು, ಊರು ಹೇಳುವುದಿಲ್ಲ, ಹೇಳಲೂಬಾರದು. ಮಲೆನಾಡಿನ ಒಂದು ಗೇಣಿ ಜಮೀನಿನ ತಕರಾರು. ಭೂ ನ್ಯಾಯಮಂಡಳಿಯ ಹಳೆಯ ಆದೇಶ, ಅದರ ಜೊತೆ ಗೇಣಿದಾರರ ಹೇಳಿಕೆ, ಎಲ್ಲವೂ ಕೈಬರಹದ ಕನ್ನಡದಲ್ಲಿ. ನಕಲಿನ ನಕಲು ತೆಗೆದು ಅಕ್ಷರ ಮಸುಕಾಗಿತ್ತು. ಹೈಕೋರ್ಟ್‌ಗೆ ಸಲ್ಲಿಸಲು ಓದಲು ಬರುವಂತೆ ಟೈಪ್ ಮಾಡಬೇಕು, ಇಂಗ್ಲಿಷ್ ಅನುವಾದವೂ ಬೇಕು. ಹೊರಗಿನವರೊಬ್ಬರು ಮಾಡಿಕೊಟ್ಟಿದ್ದ ಅನುವಾದವನ್ನು ಮೂಲದ ಜೊತೆ ತಾಳೆ ನೋಡು ಎಂದು ನನಗೆ ಕೊಟ್ಟರು.

ಬಾಗಾಯ್ತು (ತೋಟ), ತರಿ (ನೀರಾವರಿ ಗದ್ದೆ), ಖುಷ್ಕಿ (ಒಣ ಜಮೀನು) ಎಲ್ಲ ಸರಿಯಿತ್ತು. ಧಾನ್ಯ ಅಳೆಯುವ ಖಂಡುಗ, ಕೊಳಗದ ಲೆಕ್ಕ ತಪ್ಪಿತ್ತು. ಖಂಡುಗಕ್ಕೆ ಇಪ್ಪತ್ತು ಕೊಳಗ ಎಂದು ನನ್ನ ಅಜ್ಜಿಗೂ ಗೊತ್ತು. ಕೊಳಗದ ಅಳತೆಯ ಜಗಳದಿಂದಲೇ ಅಲ್ಲವೇ ನಮ್ಮ ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದದ್ದು! ಆಮೇಲೆ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ಮೂಲದಲ್ಲಿ ‘ಸೊಪ್ಪಿನ ಬೆಟ್ಟ’ ಎಂದಿತ್ತು. ಅನುವಾದದಲ್ಲಿ ಅದು ಗಿಡಮರಗಳ ಗುಡ್ಡ, ಅರ್ಜಿದಾರರಿಗೆ ಸೇರಿದ್ದು ಎಂದಾಗಿತ್ತು. ನಮ್ಮ ಮನೆಗೂ ಸೊಪ್ಪಿನ ಬೆಟ್ಟವಿದೆ. ಅಡಿಕೆ ತೋಟಕ್ಕೆ ಗೊಬ್ಬರದ ಸೊಪ್ಪು ತರಲು ಬಿಟ್ಟುಕೊಟ್ಟ ಜಾಗ ಅದು. ಸೊಪ್ಪು ಕಡಿಯುವ, ದರಕು (ಒಣಗಿ ಉದುರಿದ ಎಲೆ) ಗುಡಿಸುವ ಸವಲತ್ತು ನಮ್ಮದು, ನೆಲ ನಮ್ಮದಲ್ಲ. ಚಿಕ್ಕಂದಿನಲ್ಲಿ ಅಮ್ಮನ ಹಿಂದೆ ಕಂಬಳಿ ಕೊಪ್ಪೆ ಹಾಕಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಹಿರಿಯರ ಬಳಿ ಹೋಗಿ ಇಷ್ಟನ್ನು ಕನ್ನಡದಲ್ಲೇ ಹೇಳಿದೆ. ಅವರು ಎದ್ದು ಕಪಾಟಿನಿಂದ ಭೂಕಂದಾಯ ಕಾಯ್ದೆ ತೆಗೆದು 79ನೇ ಕಲಮು ತೋರಿಸಿದರು. ಕಾನು, ಸೊಪ್ಪಿನ ಬೆಟ್ಟಗಳ ಸವಲತ್ತು ಮುಂದುವರಿಯುತ್ತದೆ ಎಂದು ಅಲ್ಲಿ ಅಚ್ಚಾಗಿದೆ! ಆ ಪದ ಕಾನೂನು ಪುಸ್ತಕದಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಮನೆಯ ಮಾತು ಕಾಯ್ದೆಯ ಪುಟದಲ್ಲಿ ಕಂಡಾಗ ಗಂಟಲು ಕಟ್ಟಿತು.

ಅಂದಿನಿಂದ ಕನ್ನಡ ದಾಖಲೆಗಳಿದ್ದ ಕಡತಗಳೆಲ್ಲ ನನ್ನ ಮೇಜಿಗೆ ಬಂದವು. ಸಿನಾಪ್ಸಿಸ್ ಬರೆಯಲೂ ಕೊಟ್ಟರು. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತಂದೆ. ವಾಕ್ಯ ಗಿಡ್ಡವಾಗಿದ್ದವು, ಅದನ್ನು ಅವರು ತಿದ್ದಲಿಲ್ಲ. ತಿದ್ದಿದ್ದು ಬೇರೆ: ‘ಹೇಳಲಾಗಿದೆ ಎಂದು ಬರೆಯಬೇಡ. ಯಾರು ಹೇಳಿದರು, ಎಷ್ಟನೇ ಪುಟದಲ್ಲಿ, ಅದನ್ನು ಬರೆ.’ ದೊಡ್ಡ ತಪ್ಪನ್ನೂ ಮಾಡಿದೆ. ದೃಢೀಕೃತ ನಕಲು ಪಡೆದ ತಾರೀಖನ್ನು ಆದೇಶದ ತಾರೀಖೆಂದು ಬರೆದುಬಿಟ್ಟಿದ್ದೆ. ಮೇಲ್ಮನವಿಯ ಕಾಲಮಿತಿ ಲೆಕ್ಕ ಹಾಕುವುದು ಆ ತಾರೀಖುಗಳ ಮೇಲೆ. ಹಿಡಿದವರು ಅಲ್ಲಿನ ಗುಮಾಸ್ತರು, ಇಪ್ಪತ್ತೆರಡು ವರ್ಷದಿಂದ ಇರುವವರು. ಯಾರಿಗೂ ಹೇಳದೆ ನನ್ನನ್ನು ಕರೆದು ಮೊಹರಿನ ಮೇಲೆ ಬೆರಳಿಟ್ಟು ತೋರಿಸಿದರು. ಅರ್ಜಿ ಪರಿಶೀಲಿಸುವ ಹೈಕೋರ್ಟ್ ಕಚೇರಿಯಾದ ರಿಜಿಸ್ಟ್ರಿಯ ಆಕ್ಷೇಪಣೆಗಳನ್ನು ಸರಿಪಡಿಸುವುದು, ಪುಟಸಂಖ್ಯೆ ಹಾಕುವುದು, ಅನುಬಂಧಗಳನ್ನು ಜೋಡಿಸುವುದು ಎಲ್ಲ ಕಲಿಸಿದವರೂ ಅವರೇ.

ಒಟ್ಟು ಖರ್ಚು 14,200. ಬಂದದ್ದು 3,000. ಉಳಿದದ್ದನ್ನು ಅಪ್ಪ ಅಡಿಕೆ ಮಂಡಿಯಲ್ಲಿ ಮುಂಗಡ ಪಡೆದು ಕೊಟ್ಟಿದ್ದರು ಎಂದು ವಾಪಸು ಬಂದ ಮೇಲೆ ತಿಳಿಯಿತು. ಬೆವರಿನ_ಲೆಕ್ಕ ಅವರು ಕೇಳಿದ ಪ್ರಶ್ನೆ ಅಲ್ಲೇ ನಿಂತಿದೆ, ನನಗೆ ಒಳ್ಳೆಯದಾಯಿತು ಎಂದ ಮಾತ್ರಕ್ಕೆ ಅದು ಕರಗುವುದಿಲ್ಲ.

ಸಪ್ತಾಪುರ_ವಕೀಲ

ಓದಿ ಕಣ್ಣು ತುಂಬಿತು ತಾಯಿ. ಸೊಪ್ಪಿನ ಬೆಟ್ಟಕ್ಕೆ ಕೊನೆಗೆ ಇಂಗ್ಲಿಷಿನಲ್ಲಿ ಏನು ಬರೆದಿರಿ?

ಅಡಿಕೆ_ಹಾಳೆ

ಸೊಪ್ಪಿನ ಬೆಟ್ಟ ಎಂದೇ ಬರೆದೆವು ಸರ್, ಇಂಗ್ಲಿಷ್ ಅಕ್ಷರಗಳಲ್ಲಿ. ಕೆಳಗೆ 79ನೇ ಕಲಮನ್ನು ಉಲ್ಲೇಖಿಸಿ ಎರಡು ಸಾಲಿನ ಅಡಿಟಿಪ್ಪಣಿ ಕೊಟ್ಟೆವು.

ಬೆವರಿನ_ಲೆಕ್ಕ

ಮಂಡಿಯ ಸಾಲದ ವಿಷಯ ಓದಿ ತಮ್ಮನ ನೆನಪಾಯಿತು. ಅವನು ಈಗ ರಾಯಚೂರಿನಲ್ಲೇ ವಕೀಲ. ಹಳೆಯ ಪಹಣಿ, ಉರ್ದು ಬೆರೆತ ಕಂದಾಯ ದಾಖಲೆಗಳನ್ನು ಓದುವುದರಲ್ಲಿ ಗಟ್ಟಿಗ. ನಿಮ್ಮ ಬರಹ ಅವನಿಗೆ ಕಳಿಸಿದ್ದೇನೆ. ಕಲಬುರಗಿ ಪೀಠದಲ್ಲಿ ಕೆಲಸ ಮಾಡುವವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಬರೆಯಿರಿ.

ಮೂರನೇ_ಸೆಮಿಸ್ಟರ್

ಅಕ್ಕ, ನಾನು ಹಾವೇರಿಯವನು, ಮೂರು ವರ್ಷದ ಎಲ್‌ಎಲ್‌ಬಿ. ನವೆಂಬರ್‌ನಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ನಾನೂ ಬೆಂಗಳೂರಿಗೇ ಬರೆಯಲೇ?

ಅಡಿಕೆ_ಹಾಳೆ

ಹಾವೇರಿಯ ಮೇಲ್ಮನವಿಗಳು ಧಾರವಾಡಕ್ಕೆ ಹೋಗುತ್ತವೆ ತಮ್ಮಾ. ಮೇಲೆ ಧಾರವಾಡದ ಸಪ್ತಾಪುರದ ವಕೀಲರಿದ್ದಾರೆ, ಮೊದಲು ಅವರನ್ನು ಕೇಳು. ಬರೆದದ್ದನ್ನು ತಿದ್ದುತ್ತಾರೆಯೇ ಎಂದೂ ಕೇಳು, ಓಡಾಟದ ವೆಚ್ಚವನ್ನೂ ಕೇಳು.

ಸಪ್ತಾಪುರ_ವಕೀಲ

ತಿದ್ದುತ್ತೇನೆ. ಊಟ ನಮ್ಮ ಮನೆಯಲ್ಲೇ. ದೀಪಾವಳಿ ಕಳೆದ ಮೇಲಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಾ.